ನಿಲ್ಲುವ ಶಾಂತಿಗೆ ಆರು ವಾರ: ಕ್ರೈಸ್ತ ವಿಶ್ವಾಸಿಗಳಿಗೆ ಒಂದು ಮಾರ್ಗದರ್ಶಿ

"ಭಾನುವಾರದ ಬಲಿಪೂಜೆ ತಪ್ಪಿಸುವುದಿಲ್ಲ, ರಾತ್ರಿ ತೆರ್ಸ್ (ಜಪಮಾಲೆ) ಹೇಳುತ್ತೇವೆ, ಬೈಬಲ್ ಓದುತ್ತೇವೆ. ಆದರೂ ಮನಸ್ಸಿಗೆ ಸಮಾಧಾನ ಇಲ್ಲ, ಯಾಕೆ?" ಮಂಜೇಶ್ವರ, ವರ್ಕಾಡಿ, ಕಯ್ಯಾರು, ಬೇಳ, ಕಾಸರಗೋಡು ಎಂದು ಗಡಿನಾಡಿನ ಉದ್ದಕ್ಕೂ ಓದುಗರು ಕೇಳುತ್ತಿರುವ ಪ್ರಶ್ನೆ ಇದು. ಸಿಎಸ್ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಸಭೆ) ಸಭೆಯವರೂ ಮಾತು ಸ್ವಲ್ಪ ಬದಲಿಸಿ ಇದನ್ನೇ ಕೇಳುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ "ಇನ್ನೂ ಹೆಚ್ಚು ಪ್ರಾರ್ಥಿಸಿ" ಎಂಬುದು. ಹೆಚ್ಚಿನವರಲ್ಲಿ ಪ್ರಾರ್ಥನೆಗೆ ಕೊರತೆ ಇರುವುದಿಲ್ಲ, ಕ್ರಮ ತಪ್ಪಿರುತ್ತದೆ.

ಕ್ರಮ ಎಂದರೇನು ಎಂದು ತಿಳಿಯಲು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆರೆಯಿರಿ. ಪೌಲ ಇದನ್ನು ಬರೆದದ್ದು ಸೆರೆಯಲ್ಲಿದ್ದಾಗ. ದೇವರ ಶಾಂತಿ ನಿಮ್ಮ ಹೃದಯಗಳನ್ನು ಕಾಯುವುದು ಎಂಬ 7ನೇ ವಚನ ಎಲ್ಲರಿಗೂ ಬಾಯಿಪಾಠ. ಚಿಂತೆ ಬಿಟ್ಟು ಪ್ರಾರ್ಥಿಸಿ ಎಂಬ 6ನೇ ವಚನವೂ ಹಾಗೆಯೇ. ಆದರೆ 2ನೇ ವಚನದಲ್ಲಿ ಪೌಲ, ಸಭೆಯಲ್ಲಿ ಮನಸ್ತಾಪವಿದ್ದ ಇಬ್ಬರು ಹೆಂಗಸರ ಹೆಸರು ಹಿಡಿದು, ಒಂದಾಗಿ ಎಂದು ಬೇಡಿಕೊಳ್ಳುತ್ತಾನೆ. 9ನೇ ವಚನದಲ್ಲಿ, ಕಲಿತದ್ದನ್ನು ನಡೆಸಿ, ಆಗ ಶಾಂತಿಯ ದೇವರು ನಿಮ್ಮೊಂದಿಗಿರುವನು ಎನ್ನುತ್ತಾನೆ. ಮುರಿದ ಸಂಬಂಧ ಮೊದಲು, ಆಮೇಲೆ ಬೇಡಿಕೆ, ಆಮೇಲೆ ನಿತ್ಯದ ರೂಢಿ. ನಾವು ನೇರವಾಗಿ 6ಕ್ಕೆ ಹಾರಿ 7 ಯಾಕೆ ಬರಲಿಲ್ಲ ಎಂದು ಕಾಯುತ್ತೇವೆ.

ಬೈಬಲಿನ ಹೀಬ್ರೂ ಪದ 'ಶಾಲೋಮ್'. ಗಲಾಟೆ ಇಲ್ಲದಿರುವುದು ಎಂಬಷ್ಟೇ ಅದರ ಅರ್ಥವಲ್ಲ. ಒಡೆದದ್ದು ಕೂಡಿ ಇಡಿಯಾಗುವುದು, ಬಾಕಿ ತೀರುವುದು, ಕ್ಷೇಮವಾಗಿರುವುದು ಎಲ್ಲ ಅದರೊಳಗಿದೆ. 'ಕಾಯುವುದು' ಎಂಬಲ್ಲಿ ಪೌಲ ಬಳಸಿದ ಗ್ರೀಕ್ ಪದ ಸೈನಿಕರ ಕಾವಲಿಗೆ ಸಂಬಂಧಿಸಿದ್ದು. ಗದ್ದೆಗೆ ಕಾಡುಹಂದಿ ಇಳಿಯದಂತೆ ರಾತ್ರಿ ಕಾವಲು ಕೂರುವವರನ್ನು ನೆನೆದುಕೊಳ್ಳಿ. ಕಾವಲು ಕೂತರೂ ಹಂದಿ ಬರುತ್ತದೆ. ಆದರೆ ಬೆಳೆ ಉಳಿಯುತ್ತದೆ. ನಿಲ್ಲುವ ಶಾಂತಿ ಎಂದು ಇಲ್ಲಿ ಹೇಳುತ್ತಿರುವುದು ಅದನ್ನೇ.

ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಒಂದು ಬೈಬಲ್, 100 ಪುಟದ ಒಂದು ನೋಟ್ ಪುಸ್ತಕ, ದಿನಕ್ಕೆ ಬೆಳಗ್ಗೆ 20 ನಿಮಿಷ, ರಾತ್ರಿ 10 ನಿಮಿಷ. ಆರು ವಾರ ಇದನ್ನು ಬಿಡದೆ ಮಾಡುವ ಮನಸ್ಸು.

ಕ್ಯಾಥೊಲಿಕರ ಕನ್ನಡ ಬೈಬಲಿಗೂ ಸಿಎಸ್ಐ ಸಭೆಯವರು ಓದುವ 'ಸತ್ಯವೇದ'ಕ್ಕೂ ಭಾಷೆಯಲ್ಲಿ ವ್ಯತ್ಯಾಸವಿದೆ. ಒಂದರಲ್ಲಿ 'ಯೊವಾನ್ನ', 'ಶುಭಸಂದೇಶ' ಎಂದಿದ್ದರೆ ಇನ್ನೊಂದರಲ್ಲಿ 'ಯೋಹಾನ', 'ಸುವಾರ್ತೆ' ಎಂದಿರುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಕ್ಯಾಥೊಲಿಕರದ್ದರಲ್ಲಿ ಕೆಲವು ಪುಸ್ತಕಗಳು ಹೆಚ್ಚು. ಈ ಲೇಖನದಲ್ಲಿ ಹೇಳಿದ ಭಾಗಗಳೆಲ್ಲ ಎರಡರಲ್ಲೂ ಇವೆ.

ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು? ನಮ್ಮ ಊರಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಅಕ್ಷರ ಕಲಿತ ಭಾಷೆಯಲ್ಲಿ ಓದಿ. ದೇವರೊಂದಿಗೆ ಮಾತಾಡುವಾಗ ಮಾತ್ರ, ಸಿಟ್ಟು ಬಂದರೆ ಬಾಯಿಗೆ ಬರುವ ಭಾಷೆ, ಅಳು ಬಂದರೆ ಬಾಯಿಗೆ ಬರುವ ಭಾಷೆ ಯಾವುದೋ ಅದರಲ್ಲೇ ಮಾತಾಡಿ. ಪುಸ್ತಕದ ಕನ್ನಡದಲ್ಲಿ ಪ್ರಾರ್ಥಿಸಲು ಹೋದವರ ಮನಸ್ಸಿನ ನಿಜವಾದ ಸಂಕಟ ಎಷ್ಟೋ ಸಲ ಒಳಗೇ ಉಳಿದುಬಿಡುತ್ತದೆ.

ಹಂತ 1: ಹೊತ್ತು, ಜಾಗ (ಮೊದಲ ಮೂರು ದಿನ)

ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಹಾಲು ಕರೆಯುವ, ರಬ್ಬರ್ ಟ್ಯಾಪಿಂಗಿಗೆ ಹೋಗುವ ಮನೆಗಳಲ್ಲಿ ನಸುಕಿನ ಹೊತ್ತು ಸಿಗುವುದಿಲ್ಲ. ಆ ಕೆಲಸ ಮುಗಿದ ಮೇಲಿನ 20 ನಿಮಿಷ ಹಿಡಿಯಿರಿ. ಮೂರು ದಿನ ಬರೀ ಕುಳಿತು 23ನೇ ಕೀರ್ತನೆ ಓದಿ ಎದ್ದರೆ ಸಾಕು. ಈ ಹಂತದಲ್ಲಿ ಕೆಡುವುದು ಅತ್ಯುತ್ಸಾಹದಿಂದ: ಮೊದಲ ದಿನವೇ ಒಂದು ಗಂಟೆ ಕುಳಿತವರು ಐದನೇ ದಿನ ಕುಳಿತುಕೊಳ್ಳುವುದೇ ಇಲ್ಲ.

ಹಂತ 2: ಅಶಾಂತಿಯ ಪಟ್ಟಿ (ಮೊದಲ ವಾರದ ಉಳಿದ ದಿನಗಳು)

ನೋಟ್ ಪುಸ್ತಕದಲ್ಲಿ ದಿನಕ್ಕೆ ಅರ್ಧ ಪುಟದಂತೆ, ನಿದ್ದೆ ಕೆಡಿಸುವ ಒಂದೊಂದು ಸಂಗತಿಯನ್ನೂ ಬರೆಯಿರಿ. "ಮನಸ್ಸು ಸರಿ ಇಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ. "ಅಣ್ಣ ಗಡಿಕಲ್ಲು ಜರುಗಿಸಿದ", "ಗಲ್ಫಿನಿಂದ ಮಗ ಮೂರು ವಾರದಿಂದ ಫೋನ್ ಮಾಡಿಲ್ಲ", "ಸೊಸೈಟಿ ಸಾಲದ ಕಂತು ಬಾಕಿ", "ನಾನು ಮದುವೆಯಾದ ಹೊಸತರಲ್ಲಿ ಮಾಡಿದ ಆ ಒಂದು ತಪ್ಪು" ಎಂದು ಹೀಗೆ ಬಿಡಿಸಿ ಬರೆಯಬೇಕು.

ಏಳನೇ ದಿನ ಪ್ರತಿಯೊಂದರ ಮುಂದೆ ಒಂದು ಅಕ್ಷರ ಹಾಕಿ. ದೇವರ ಮುಂದೆ ನಾನು ಮಾಡಿದ ತಪ್ಪಿಗೆ 'ದೇ'. ಮನುಷ್ಯರೊಂದಿಗೆ ಮುರಿದದ್ದಕ್ಕೆ 'ಮ'. ನಾಳೆಯ ಚಿಂತೆಗೆ 'ನಾ'. ಯಾರ ತಪ್ಪೂ ಅಲ್ಲದ, ಅಥವಾ ಇನ್ನು ಸರಿಹೋಗದ ನೋವಿಗೆ 'ನೋ'. ಒಂದೊಂದಕ್ಕೂ ಮದ್ದು ಬೇರೆ. 'ಮ' ಎಂದು ಬರೆಯಬೇಕಾದದ್ದನ್ನು 'ನಾ' ಎಂದು ಬರೆದು, ಅಣ್ಣನ ಮನೆಗೆ ಹೋಗುವ ಬದಲು ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಮಾಡುವವರು ನಮ್ಮಲ್ಲಿ ಬಹಳ.

ಹಂತ 3: 'ದೇ' ಪಟ್ಟಿ (ಎರಡನೇ ವಾರ)

ಇದರ ತಳಹದಿ ಒಂದೇ: ಕ್ಷಮೆ ಸಂಪಾದಿಸುವುದಲ್ಲ, ಪಡೆಯುವುದು. ರೋಮಾದವರಿಗೆ ಬರೆದ ಪತ್ರದ 5:1 ಹೇಳುವುದು, ವಿಶ್ವಾಸದ ಮೂಲಕ ನೀತಿವಂತರೆನಿಸಿಕೊಂಡ ನಮಗೆ ಯೇಸು ಕ್ರಿಸ್ತನ ಮುಖಾಂತರ ದೇವರೊಂದಿಗೆ ಸಮಾಧಾನವಿದೆ ಎಂದು. ಶಿಲುಬೆಯಲ್ಲಿ ಬಾಕಿ ತೀರಿದೆ. ಹಾಗಾದರೆ ತಪ್ಪನ್ನು ಬಾಯಿಬಿಟ್ಟು ಹೇಳುವುದೇಕೆ? ಬಚ್ಚಿಟ್ಟ ಗಾಯಕ್ಕೆ ಮದ್ದು ಹಚ್ಚಲಾಗದು ಎಂಬ ಕಾರಣಕ್ಕೆ. ಯೋಹಾನನ ಮೊದಲ ಪತ್ರ 1:9 ಓದಿ, ಆಮೇಲೆ 51ನೇ ಕೀರ್ತನೆ.

ಕ್ಯಾಥೊಲಿಕರಾದರೆ ಪಾಪನಿವೇದನೆಗೆ (ಕೊಂಕಣಿಯವರ 'ಕುಮ್ಸಾರ್') ಹೋಗಿ. ಹಬ್ಬದ ಹಿಂದಿನ ದಿನದ ಉದ್ದ ಸಾಲಿನಲ್ಲಿ ನಿಲ್ಲಬೇಡಿ. ವಾರದ ನಡುವೆ ಫಾದರ್ ಬಳಿ ಅರ್ಧ ಗಂಟೆ ಕೇಳಿಕೊಳ್ಳಿ. ಹೇಳಬೇಕಾದದ್ದು ಇಷ್ಟು: ಕೊನೆಯ ಸಲ ನಿವೇದನೆ ಮಾಡಿದ್ದು ಯಾವಾಗ, ಏನು ಮಾಡಿದೆ, ಸುಮಾರು ಎಷ್ಟು ಸಲ. ಅತ್ತೆಯ ತಪ್ಪು, ನೆರೆಮನೆಯವರ ತಪ್ಪು ಅಲ್ಲಿ ಬೇಡ. ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಇದು ಧರ್ಮಸಭೆಯ ಕಟ್ಟುನಿಟ್ಟಿನ ಕಾನೂನು. ಊರಿನ ಗುರುಗಳ ಮುಂದೆ ಹೇಳಲು ನಾಚಿಕೆಯಾದರೆ ಬೇರೆ ಚರ್ಚಿಗೆ ಹೋಗುವುದರಲ್ಲಿ ತಪ್ಪಿಲ್ಲ.

ಸಿಎಸ್ಐ ಮತ್ತಿತರ ಸಭೆಗಳವರು ಆರಾಧನೆಯಲ್ಲಿ ಒಟ್ಟಾಗಿ ಪಾಪ ಅರಿಕೆ ಮಾಡುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಪಟ್ಟಿಯ ಒಂದೊಂದು ಸಾಲನ್ನು ಮನಸ್ಸಿನಲ್ಲಿ ಹೆಸರಿಸಿ. ಭಾರ ಇಳಿಯದಿದ್ದರೆ ಯಾಕೋಬನ ಪತ್ರ 5:16ರಂತೆ ಸಭಾಪಾಲಕರ ಮುಂದೆ, ಇಲ್ಲವೇ ಬಾಯಿ ಬಿಗಿಯಿರುವ ಹಿರಿಯ ವಿಶ್ವಾಸಿಯ ಮುಂದೆ ಹೇಳಿಕೊಳ್ಳಿ.

ಇಲ್ಲಿನ ದೊಡ್ಡ ಗುಂಡಿ: ಕ್ಷಮೆ ಸಿಕ್ಕ ಪಾಪವನ್ನೇ ಮತ್ತೆ ಮತ್ತೆ ನಿವೇದಿಸುವುದು. ಧರ್ಮಗುರುಗಳು ಇದನ್ನು ಮನಸ್ಸಾಕ್ಷಿಯ ಅತಿ ಸಂಶಯ ಎನ್ನುತ್ತಾರೆ. ಅದಕ್ಕೆ ಹಳೆಯ, ಪರೀಕ್ಷಿತ ಉಪಾಯವಿದೆ: ಪ್ರತಿ ಸಲವೂ ಅದೇ ಒಬ್ಬ ಗುರುವಿನ ಬಳಿ ಹೋಗಿ, "ಇದನ್ನು ಇನ್ನು ಹೇಳಬೇಡ" ಎಂದು ಅವರು ಅಂದರೆ ಹೇಳಬೇಡಿ. ಪಟ್ಟಿಯಲ್ಲಿ ಆ ಸಾಲಿನ ಮೇಲೆ ಗೀಟು ಎಳೆದು ದಿನಾಂಕ ಬರೆಯಿರಿ. ಮನಸ್ಸು ಮತ್ತೆ ಕೆದಕಿದಾಗ ಆ ದಿನಾಂಕವನ್ನು ನೋಡಿ.

ಹಂತ 4: 'ಮ' ಪಟ್ಟಿ (ಮೂರು ಮತ್ತು ನಾಲ್ಕನೇ ವಾರ)

ಜನ ನಿಂತುಬಿಡುವುದು ಇಲ್ಲೇ. ಮತ್ತಾಯ 5:23–24ರಲ್ಲಿ ಯೇಸು, ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎನ್ನುತ್ತಾನೆ. ಗಮನಿಸಿ: ಅಲ್ಲಿರುವುದು ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದು.

ಪಟ್ಟಿಯಲ್ಲಿ ಅತಿ ಸುಲಭದ ಒಬ್ಬರಿಂದ ಶುರುಮಾಡಿ. ಇಪ್ಪತ್ತು ವರ್ಷದ ಪಾಲಿನ ಜಗಳದಿಂದ ಶುರುಮಾಡಿದರೆ ಮೊದಲ ಬಾಗಿಲಲ್ಲೇ ಕಾಲು ನಡುಗುತ್ತದೆ.

ಹೋಗುವ ರೀತಿ ಹೀಗಿರಲಿ. ನೀವೇ ಹೋಗಿ, ಒಬ್ಬರೇ ಹೋಗಿ. ವಾಟ್ಸಾಪಿನಲ್ಲಿ ಬೇಡ, ಅಲ್ಲಿ ಧ್ವನಿ ತಲುಪುವುದಿಲ್ಲ, ಬರೆದದ್ದನ್ನು ನಾಲ್ಕು ಜನರಿಗೆ ತೋರಿಸುತ್ತಾರೆ. ಮದುವೆ ಮನೆ, ಸಾವಿನ ಮನೆ, ಮೊಂತಿ ಹಬ್ಬದ (ಮರಿಯಮ್ಮನ ಜನ್ಮದಿನದ ಹಬ್ಬ) ಊಟದ ಹೊತ್ತು ಬೇಡ. ಸಂಜೆ ಗ್ಲಾಸು ಎತ್ತಿದ ಮೇಲಂತೂ ಬೇಡವೇ ಬೇಡ. ಕುಳಿತು, ನಿಮ್ಮ ಪಾಲಿನ ತಪ್ಪನ್ನು ಮಾತ್ರ, ನಡೆದ ಸಂಗತಿಯ ಹೆಸರು ಹಿಡಿದು ಹೇಳಿ: "ಆ ದಿನ ಅಮ್ಮನ ಎದುರು ನಿನ್ನನ್ನು ಕಳ್ಳ ಅಂದೆ ಅಣ್ಣ. ಅದು ತಪ್ಪು. ಕ್ಷಮಿಸು." ಅಲ್ಲಿಗೆ ನಿಲ್ಲಿಸಿ. "ಆದರೆ ನೀನೂ..." ಎಂದು ಮುಂದುವರಿದ ಕೂಡಲೇ ಕ್ಷಮೆ ಕೇಳಿದ್ದು ವಾದವಾಗುತ್ತದೆ. "ನನ್ನಿಂದ ಏನಾದರೂ ತಪ್ಪಾಗಿದ್ದರೆ" ಎಂಬುದೂ ಕೆಲಸಕ್ಕೆ ಬಾರದು, ಏನಾಗಿದೆಯೆಂದು ಇಬ್ಬರಿಗೂ ಗೊತ್ತಿದೆ.

ಹಣ, ಜಾಗ, ವಸ್ತುವಿನ ಬಾಕಿ ಇದ್ದರೆ ಬಾಯಿಮಾತು ಸಾಲದು. ತೆರಿಗೆ ವಸೂಲಿಗಾರ ಜಕ್ಕಾಯ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆ ಎಂದ (ಲೂಕ 19:8). ನಿಮಗೆ ಒಮ್ಮೆಲೇ ಆಗದಿದ್ದರೆ ತಿಂಗಳಿಗೆ 500 ರೂಪಾಯಿ ಎಂದಾದರೂ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗಡಿಯ ವಿವಾದವಾದರೆ ತಾಲೂಕಿನ ಸರ್ವೇಯರಿಂದ ಒಟ್ಟಿಗೆ ಅಳೆಸಿ. ದಾಖಲೆ ಮಲಯಾಳದಲ್ಲಿದ್ದರೆ ಇಬ್ಬರಿಗೂ ನಂಬಿಕೆಯುಳ್ಳ ಒಬ್ಬರಿಂದ ಓದಿಸಿ. ಓದಲು ಬಾರದ ಕಾಗದದ ಮೇಲೆ ಬೆಳೆದ ಅನುಮಾನ ಗಡಿನಾಡಿನಲ್ಲಿ ಎಷ್ಟೋ ಮನೆ ಒಡೆದಿದೆ.

ಎದುರಿನವರು ಬಾಗಿಲು ಹಾಕಿದರೆ? ಮತ್ತಾಯ 18:15–17ರ ಕ್ರಮವಿದೆ: ಮೊದಲು ಒಬ್ಬರೇ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಯ ಮುಂದೆ. ಎರಡನೇ ಸಲಕ್ಕೆ ವಾಡೆಯ ಗುರ್ಕಾರರನ್ನು (ಚರ್ಚಿನ ಒಂದೊಂದು ವಾರ್ಡಿಗೆ ಇರುವ ಹಿರಿಯರು) ಕರೆಯಬಹುದು. ಅದಕ್ಕೂ ಒಪ್ಪದಿದ್ದರೆ ರೋಮಾ 12:18ನ್ನು ನೆನೆಯಿರಿ: ನಿಮ್ಮಿಂದ ಆಗುವಷ್ಟರ ಮಟ್ಟಿಗೆ ಎಲ್ಲರೊಂದಿಗೆ ಸಮಾಧಾನದಿಂದಿರಿ. ನಿಮ್ಮಿಂದ ಆಗುವಷ್ಟು ಆಗಿದ್ದರೆ ಗೀಟು ಎಳೆಯಿರಿ.

ಈಗ ತಪ್ಪು ಮಾಡಿದ್ದು ಅವರು, ನೋವುಂಡದ್ದು ನೀವು ಎಂದಾದರೆ. ಕ್ಷಮಿಸುವುದೆಂದರೆ ಮರೆಯುವುದಲ್ಲ, ಪಾಲು ಬಿಟ್ಟುಕೊಡುವುದಲ್ಲ, ಕೇಸು ಹಿಂತೆಗೆದುಕೊಳ್ಳುವುದೂ ಅಲ್ಲ. ಸೇಡು ತೀರಿಸುವ ಹಕ್ಕನ್ನು ದೇವರಿಗೆ ಒಪ್ಪಿಸುವುದು. ಪ್ರತಿದಿನ ಅವರ ಹೆಸರು ಹೇಳಿ ಒಂದು ಒಳಿತನ್ನು ಬೇಡಿ. ಮೊದಲ ಹತ್ತು ಹದಿನೈದು ದಿನ ಬಾಯಿ ಮಾತ್ರ ಹೇಳುತ್ತದೆ, ಮನಸ್ಸು ಒಪ್ಪುವುದಿಲ್ಲ. ಹೇಳುತ್ತಲೇ ಇರಿ.

ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ "ಕ್ಷಮಿಸಿ ಹೊಂದಿಕೊಂಡು ಹೋಗು" ಎಂದು ಯಾರಾದರೂ ಬೈಬಲಿನ ಹೆಸರಿನಲ್ಲಿ ಹೇಳಿದರೆ ಅದನ್ನು ಕೇಳಬೇಡಿ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181. ಕ್ಷಮೆಯ ಮಾತು ಆಮೇಲೆ, ದೂರದಿಂದಲೂ ಆಗುತ್ತದೆ.

ಹಂತ 5: 'ನಾ' ಪಟ್ಟಿ ಮತ್ತು ಬೆಳಗಿನ 20 ನಿಮಿಷ

ಎರಡನೇ ವಾರದಿಂದಲೇ ಇದನ್ನು ನಡೆಸುತ್ತಾ ಬನ್ನಿ. ಮೊದಲ 2 ನಿಮಿಷ ಸುಮ್ಮನಿರಿ. ಉಸಿರಿನ ಜತೆ "ಕರ್ತನೇ, ಕರುಣಿಸು" ಎಂದರೆ ಸಾಕು. ಮುಂದಿನ 6 ನಿಮಿಷ ಓದು. ಮಾರ್ಕನ ಸುವಾರ್ತೆಯಿಂದ ಆರಂಭಿಸಿ, ಅದೇ ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಇಪ್ಪತ್ತು ವಚನ ಓದಿದರೆ ಐದು ವಾರದಲ್ಲಿ ಮುಗಿಯುತ್ತದೆ. ಕಣ್ಣುಮುಚ್ಚಿ ಪುಟ ತೆರೆದು ಬಂದ ವಚನವನ್ನು ಆ ದಿನದ ದೇವರ ಅಪ್ಪಣೆ ಎಂದುಕೊಳ್ಳಬೇಡಿ. ಅದು ಶಕುನ ನೋಡುವ ಅಭ್ಯಾಸ. ಹೆದರಿಕೆಯ ವಚನ ಬಂದ ದಿನ ಇದ್ದ ಸಮಾಧಾನವೂ ಹೋಗುತ್ತದೆ.

ಆಮೇಲೆ 7 ನಿಮಿಷ ಚಿಂತೆಗಳಿಗೆ. ಪುಟದಲ್ಲಿ ಮೂರು ಕಂಬ ಎಳೆಯಿರಿ: ಇವತ್ತು ನಾನು ಮಾಡಬಲ್ಲದ್ದು, ಇನ್ನೊಬ್ಬರನ್ನು ಕೇಳಬೇಕಾದದ್ದು, ನನ್ನ ಕೈಯಲ್ಲಿ ಇಲ್ಲದ್ದು. ಅಡಿಕೆಗೆ ಕೊಳೆರೋಗ ಬರುವ ಭಯವಿದ್ದರೆ, ಬೋರ್ಡೋ ಸಿಂಪಡಿಸುವುದು ಮೊದಲ ಕಂಬ. ಮರ ಹತ್ತುವವರನ್ನು ಗೊತ್ತುಮಾಡುವುದು ಎರಡನೆಯದು. ಮಳೆ ಬಿಡುವು ಕೊಡುವುದು ಮೂರನೆಯದು. ಮೂರನೇ ಕಂಬವನ್ನು ಮಾತ್ರ ಒಂದೊಂದಾಗಿ ಜೋರಾಗಿ ಓದಿ, "ಇದು ನಿನ್ನದು" ಎಂದು ಒಪ್ಪಿಸಿ. ಪ್ರತಿಯೊಂದರ ಜತೆಗೂ ನಿನ್ನೆ ಸಿಕ್ಕ ಒಂದು ಒಳಿತಿಗೆ ಕೃತಜ್ಞತೆ ಹೇಳಿ. ಫಿಲಿಪ್ಪಿ 4ರ 6ನೇ ವಚನದಲ್ಲಿ ಪೌಲ ಕೃತಜ್ಞತೆಯನ್ನು ಬೇಡಿಕೆಯ ಜತೆಗೇ ಸೇರಿಸಿದ್ದಾನೆ, ಅದನ್ನು ಬಿಟ್ಟರೆ ಪ್ರಾರ್ಥನೆ ಚಿಂತೆಯ ಇನ್ನೊಂದು ಸುತ್ತಾಗುತ್ತದೆ. ಮೊದಲ ಕಂಬದ ಕೆಲಸವನ್ನು ದೇವರಿಗೆ ಒಪ್ಪಿಸಿ ಸುಮ್ಮನೆ ಕೂರುವುದು ಭಕ್ತಿಯಲ್ಲ.

ಉಳಿದ 5 ನಿಮಿಷದಲ್ಲಿ ಮೂರು ನಿಮಿಷ ಮೌನ, ಕೊನೆಗೆ ಯೇಸು ಕಲಿಸಿದ ಪ್ರಾರ್ಥನೆ, ನಿಧಾನವಾಗಿ. "ಇಂದಿನ ಆಹಾರ" ಎಂಬಲ್ಲಿ ಒಂದು ಕ್ಷಣ ನಿಲ್ಲಿ. ಅಲ್ಲಿ ಬೇಡಿರುವುದು ಇಂದಿನದ್ದನ್ನು ಮಾತ್ರ.

ಹಂತ 6: 'ನೋ' ಪಟ್ಟಿ, ಹೋಗದ ನೋವಿಗೆ

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಮನೆಗಳಿಗೆ ಈ ಹಂತ ಹೆಚ್ಚು ಬೇಕು. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ಮಲಗಿದಲ್ಲೇ ಇರುವ ಮಗುವನ್ನು ವರ್ಷಾನುಗಟ್ಟಲೆ ನೋಡಿಕೊಂಡ ತಾಯಿಗೆ "ಎಲ್ಲ ಒಳ್ಳೆಯದಕ್ಕೇ" ಎನ್ನುವುದು ಕ್ರೂರ. ಬೈಬಲ್ ಹಾಗೆ ಹೇಳುವುದೂ ಇಲ್ಲ.

ಬೈಬಲ್ ಕೊಡುವುದು ದೂರು ಹೇಳುವ ಪ್ರಾರ್ಥನೆ. 13ನೇ ಕೀರ್ತನೆ ತೆಗೆಯಿರಿ, ಬರೀ ಆರು ವಚನ. ಮೊದಲೆರಡರಲ್ಲಿ "ಎಷ್ಟರವರೆಗೆ" ಎಂದು ನಾಲ್ಕು ಸಲ ಕೇಳಲಾಗಿದೆ. ಮೂರು ನಾಲ್ಕರಲ್ಲಿ ಬೇಡಿಕೆ. ಐದು ಆರರಲ್ಲಿ ನಂಬಿಕೆ. ಇದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ: ನಾಲ್ಕು ಸಾಲು ದೂರು, ಎರಡು ಸಾಲು ಬೇಡಿಕೆ, ಎರಡು ಸಾಲು ನಂಬಿಕೆ. ಕೊನೆಯ ಎರಡು ಸಾಲು ಬಾರದ ದಿನ ಅವನ್ನು ಬರೆಯಬೇಡಿ. 88ನೇ ಕೀರ್ತನೆ 18 ವಚನ ಸಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ದೇವರ ಪುಸ್ತಕದಲ್ಲೇ ಇದೆ. ಗೆತ್ಸೆಮನೆಯಲ್ಲಿ ಯೇಸುವೇ ಈ ಬಟ್ಟಲನ್ನು ನನ್ನಿಂದ ತೊಲಗಿಸು ಎಂದು ಬೇಡಿದ (ಮಾರ್ಕ 14:36). ಕಾಯಿಲೆ ಬಂದದ್ದು ನಿಮ್ಮ ಪಾಪಕ್ಕೆ ಎನ್ನುವವರಿಗೆ ಯೋಹಾನ 9:3 ತೋರಿಸಿ.

ದೂರು ಹೇಳುವ ಪ್ರಾರ್ಥನೆಗೂ ಹಕ್ಕು ಕೇಳುವುದಕ್ಕೂ ವಿರೋಧವಿಲ್ಲ. ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅರ್ಜಿ ಹಾಕುವುದು, ಕಚೇರಿಗೆ ಹೋಗುವುದು, ಧರಣಿ ಕೂರುವುದು ವಿಶ್ವಾಸದ ಕೊರತೆ ಅಲ್ಲ.

ಮದ್ದಿನ ಬಗ್ಗೆ ಒಂದು ಎಚ್ಚರಿಕೆ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ, ಕೆಲಸ ಎಲ್ಲದರಲ್ಲೂ ಆಸಕ್ತಿ ಹೋಗಿದ್ದರೆ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಡಾಕ್ಟರಿಗೆ ತೋರಿಸಿ. ಬದುಕು ಬೇಡ ಎಂಬ ಯೋಚನೆ ಬಂದರೆ ಆ ದಿನವೇ ಮನೆಯವರಿಗೆ ಹೇಳಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಪ್ರಾರ್ಥನಾ ಕೂಟದಲ್ಲಿ ಯಾರಾದರೂ "ಮಾತ್ರೆ ನಿಲ್ಲಿಸಿ, ವಿಶ್ವಾಸ ತೋರಿಸಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಹಣ ಕೊಟ್ಟರೆ ಶಾಂತಿ, ಈ ಸಂದೇಶ 11 ಜನರಿಗೆ ಕಳಿಸಿದರೆ ಆಶೀರ್ವಾದ ಎನ್ನುವವರಿಂದಲೂ ದೂರವಿರಿ.

ಹಂತ 7: ರಾತ್ರಿಯ 10 ನಿಮಿಷ

ಇಗ್ನೇಷಿಯಸ್ ಲೊಯೋಲ (1491–1556) ಕಲಿಸಿದ ಆತ್ಮಪರೀಕ್ಷೆ ಇದು. ಅವರು ಸ್ಥಾಪಿಸಿದ ಜೆಸ್ವಿಟ್ ಸಭೆಯವರು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. ಐದು ಮೆಟ್ಟಿಲು: ದಿನಕ್ಕೆ ಕೃತಜ್ಞತೆ, ನಿಜವನ್ನು ಕಾಣುವ ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ತಿರುಗಿ ನೋಡುವುದು, ತಪ್ಪಿದಲ್ಲಿ ಕ್ಷಮೆ, ನಾಳೆಗೆ ಒಂದು ತೀರ್ಮಾನ. ಎರಡೇ ಸಾಲು ಬರೆಯಿರಿ: ಇವತ್ತು ಮನಸ್ಸು ಯಾವಾಗ ತಿಳಿಯಾಗಿತ್ತು, ಯಾವಾಗ ಕದಡಿತು. ಆಮೇಲೆ 4ನೇ ಕೀರ್ತನೆಯ ಕೊನೆಯ ವಚನ ಹೇಳಿ ಮಲಗಿ.

ಇಗ್ನೇಷಿಯಸರ ಇನ್ನೊಂದು ನಿಯಮ ಬಹಳ ಉಪಯೋಗಕ್ಕೆ ಬರುತ್ತದೆ. ಮನಸ್ಸು ಒಣಗಿ, ದೇವರು ದೂರವಾದಂತೆ ಅನಿಸುವ ದಿನಗಳಲ್ಲಿ ಹಿಂದೆ ಮಾಡಿದ ಒಳ್ಳೆಯ ತೀರ್ಮಾನವನ್ನು ಬದಲಿಸಬೇಡಿ. 20 ನಿಮಿಷದ ಪ್ರಾರ್ಥನೆಯನ್ನು ಅಂಥ ದಿನ 21 ನಿಮಿಷ ಮಾಡಿ. ಹೆಚ್ಚಿನವರಿಗೆ ಮೂರನೇ ವಾರದಲ್ಲಿ ಹೀಗಾಗುತ್ತದೆ. ಹೊಸತನ ಮುಗಿದಿರುತ್ತದೆ, ಫಲ ಇನ್ನೂ ಕಂಡಿರುವುದಿಲ್ಲ.

ಹಂತ 8: ಭಾನುವಾರ ಮತ್ತು ಒಬ್ಬ ಜತೆಗಾರ

ಒಬ್ಬರೇ ಇದನ್ನು ಬಹುಕಾಲ ನಡೆಸಲಾಗದು. ಭಾನುವಾರ ಐದು ನಿಮಿಷ ಮೊದಲೇ ಹೋಗಿ ಕುಳಿತುಕೊಳ್ಳಿ. ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮೊದಲು ಪರಸ್ಪರ ಶಾಂತಿ ಕೋರುವ ಕ್ಷಣವಿದೆ, ಅದನ್ನು ಕೈಮುಗಿದು ಮುಗಿಸಬೇಡಿ, ನಾಲ್ಕನೇ ಹಂತದ ಪಟ್ಟಿಯಲ್ಲಿರುವವರ ಬಳಿಗೆ ನಡೆಯಿರಿ. ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಮಾತಾಡಲು ನಿಮ್ಮದೇ ವಾಡೆಯ, ಮಾತು ಹೊರಗೆ ಬಿಡದ ಒಬ್ಬರನ್ನು ಹುಡುಕಿಕೊಳ್ಳಿ.

ಐದು ದಿನದ ಧ್ಯಾನಕೂಟಕ್ಕೆ ಹೋಗಿ ಬಂದವರು ಎರಡು ವಾರದಲ್ಲಿ ಎಲ್ಲ ಇಳಿಯಿತು ಎಂದು ಹೇಳುತ್ತಾರೆ. ಕಾರಣ ಸರಳ: ಅಲ್ಲಿನ ವೇಳಾಪಟ್ಟಿ ಅಲ್ಲೇ ಉಳಿದಿರುತ್ತದೆ. ಅಲ್ಲಿಂದ ಹತ್ತು ನಿರ್ಣಯ ತರುವ ಬದಲು ಒಂದೇ ಒಂದು ರೂಢಿ ತನ್ನಿ.

ಕ್ರೈಸ್ತರಲ್ಲದ ಓದುಗರೂ ಬರೆಯುತ್ತಾರೆ. ಮಾರ್ಕನ ಸುವಾರ್ತೆ ಓದಲು, ಈ ರೀತಿ ಪ್ರಾರ್ಥಿಸಲು ಯಾರ ಅನುಮತಿಯೂ ಬೇಡ. ಮುಂದೆ ಹೋಗಬೇಕೆನಿಸಿದರೆ ವರ್ಷವೇ ಹಿಡಿದರೂ ತಿಳಿದು, ಕೇಳಿ, ನಿಮ್ಮ ಮನಸ್ಸಿನಿಂದ ನಿರ್ಧರಿಸಿ. ಅವಸರಪಡಿಸುವವರನ್ನು ನಂಬಬೇಡಿ.

ಆರನೇ ವಾರದ ಕೊನೆಗೆ ಮೊದಲ ವಾರದ ಪಟ್ಟಿ ತೆರೆಯಿರಿ. ಗೀಟು ಬಿದ್ದದ್ದೆಷ್ಟು, ಉಳಿದದ್ದೆಷ್ಟು ಎಣಿಸಿ. ಉಳಿದವನ್ನು ಹೊಸ ಪುಟಕ್ಕೆ ಬರೆದುಕೊಳ್ಳಿ, ಅಕ್ಷರಗಳನ್ನು ಮತ್ತೊಮ್ಮೆ ಹಾಕಿ, 'ನಾ' ಎಂದು ಬರೆದದ್ದರಲ್ಲಿ 'ಮ' ಅಡಗಿದೆಯೇ ನೋಡಿ. ಓದಿಗೆ ಈ ಸಲ ಯೋಹಾನನ ಸುವಾರ್ತೆ ತೆಗೆದುಕೊಳ್ಳಿ, 21 ಅಧ್ಯಾಯ, ಎರಡು ದಿನಕ್ಕೆ ಒಂದು. 14ನೇ ಅಧ್ಯಾಯಕ್ಕೆ ಬಂದಾಗ ಅಲ್ಲಿ ಒಂದು ವಾರ ನಿಲ್ಲಿ.